ಉಸಿರು ಬೇಗ ಕಲಿಯುತ್ತೆ, ಮೂಳೆ ನಿಧಾನ: ಮೊದಲ ಮ್ಯಾರಥಾನ್‌ಗೆ ಹೊರಟವರು ತಿಳಿದಿರಬೇಕಾದ್ದು

ತಿಪಟೂರು: ಬೆಳಗ್ಗೆ ಐದೂಕಾಲಕ್ಕೆ ಕಲ್ಪತರು ಕ್ರೀಡಾಂಗಣದ ಕಡೆ ಹೋದ್ರೆ ಈಗ ಯಾರಾದ್ರೂ ಪರಿಚಯದವರು ಸಿಕ್ಕೇ ಸಿಗ್ತಾರೆ. ಬೇಕರಿಯವರು, ಮೊಬೈಲ್ ಅಂಗಡಿಯವರು, ಎಪಿಎಂಸಿ ಮಂಡಿಯಲ್ಲಿ ಲೆಕ್ಕ ಬರೆಯೋರು, ಇಬ್ಬರು ಮೇಷ್ಟ್ರು. ಮೊದಲೆಲ್ಲ ಬರೀ ವಾಕಿಂಗ್ ಇತ್ತು, ಈಗ ಓಟ ಶುರುವಾಗಿದೆ. ಓಡಿ ಮುಗಿಸಿ ಟೀ ಕುಡಿಯುವಾಗ ಬರುವ ಮಾತು ಒಂದೇ: "ಜನವರಿಗೆ ಮುಂಬೈಗೆ ಹೋಗಿ ಫುಲ್ ಮ್ಯಾರಥಾನ್ ಓಡ್ಬಿಡೋಣ ಕಣ್ರೀ."

ಈ ಮಾತು ಕೇಳಿದ್ರೆ ನನಗೆ ಖುಷಿಯೂ ಆಗುತ್ತೆ, ಎಡಗಾಲಿನ ಮೊಣಕಾಲಿಂದ ಕೆಳಗಿನ ಮೂಳೆ ಚುಳ್ ಅಂದ ಹಾಗೂ ಆಗುತ್ತೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಕಡೆ ಯಾವ ಓಟ ನಡೆದರೂ ಅದಕ್ಕೆ 'ಮ್ಯಾರಥಾನ್' ಅಂತ ಬರೆಯೋದು ಪತ್ರಿಕೆಯವರ ಅಭ್ಯಾಸ. ಮತದಾನ ಜಾಗೃತಿಗೆ 3 ಕಿ.ಮೀ. ಓಡಿದ್ರೂ ಮ್ಯಾರಥಾನ್, ಪರಿಸರ ದಿನಾಚರಣೆಗೆ ಬಸ್ ಸ್ಟ್ಯಾಂಡಿಂದ ತಾಲೂಕು ಆಫೀಸಿನವರೆಗೆ ಮಕ್ಕಳನ್ನ ಓಡಿಸಿದ್ರೂ ಮ್ಯಾರಥಾನ್. ನಾನೂ ಹಾಗೇ ಬರೆದಿದ್ದೀನಿ. ಅಸಲಿಗೆ ಮ್ಯಾರಥಾನ್ ಅಂದ್ರೆ 42.195 ಕಿ.ಮೀ. ಒಂದು ಮೀಟರ್ ಕಮ್ಮಿ ಆದ್ರೂ ಅದಕ್ಕೆ ಆ ಹೆಸರಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಹೆಚ್ಚುಕಮ್ಮಿ 40 ಕಿ.ಮೀ. ಇದ್ದದ್ದು, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಈ ಬೆಸ ಲೆಕ್ಕಕ್ಕೆ ಬಂತು, 1921ರಲ್ಲಿ ಅದೇ ಅಳತೆ ಅಂತ ಗೊತ್ತುಮಾಡಿದ್ರು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ತಿಪಟೂರಿಂದ ತುಮಕೂರಿಗೆ ಸುಮಾರು 75 ಕಿ.ಮೀ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದೂರವನ್ನ ಕಾಲಲ್ಲೇ ಓಡಿ ಮುಗಿಸಬೇಕು. ಮುಂದಿನ ಸಲ ಬಸ್ಸಲ್ಲಿ ಹೋಗುವಾಗ ಕಿಟಕಿಯಿಂದ ಒಮ್ಮೆ ನೋಡ್ಕೊಂಡು ಹೋಗಿ.

ಹಾಗಂತ ಇದು ಆಗದ ಮಾತಲ್ಲ. ನಲವತ್ತು ದಾಟಿ, ಹೊಟ್ಟೆ ಬಂದು, ಹನ್ನೆರಡು ಗಂಟೆ ಗಲ್ಲಾ ಮುಂದೆ ಕೂರೋರೂ ಓಡಬಹುದು. ಪಂಜಾಬಿನಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಫೌಜಾ ಸಿಂಗ್ ಅವರು 2000ನೇ ಇಸವಿಯಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಪಾಸ್‌ಪೋರ್ಟ್ ಪ್ರಕಾರ ಅವರಿಗೆ 89 ವರ್ಷ. ಆದ್ರೆ ಮೂರು ತಿಂಗಳಲ್ಲಿ ಆಗೋ ಕೆಲಸ ಅಲ್ಲ ಇದು. ಸೊನ್ನೆಯಿಂದ ಶುರು ಮಾಡೋರಿಗೆ ಒಂದು ವರ್ಷ ಬೇಕು.

ನನ್ನ ಎಡಗಾಲಿನ ಕಥೆ

ನಾನು ಓಟ ಶುರು ಮಾಡಿದ ಮೊದಲ ವಾರ ಒಂದು ಸುತ್ತಿಗೇ ಏದುಸಿರು ಬಂತು. ನಾಲ್ಕನೇ ವಾರಕ್ಕೆ 5 ಕಿ.ಮೀ. ಸಲೀಸು. ಆರನೇ ವಾರಕ್ಕೆ 8 ಆಯ್ತು. ಉಸಿರು ಕಟ್ಟಲ್ಲ, ಎದೆ ಬಡ್ಕೊಳಲ್ಲ. ನನ್ನಷ್ಟು ಗಟ್ಟಿ ಯಾರೂ ಇಲ್ಲ ಅಂದ್ಕೊಂಡೆ. ಏಳನೇ ವಾರದ ಭಾನುವಾರ ಗೆಳೆಯರ ಜತೆ ಸೇರಿ ಒಂದೇ ಸಲ 21 ಕಿ.ಮೀ. ಓಡಿಬಿಟ್ಟೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನದಿಂದ ಮೊಣಕಾಲಿಂದ ಕೆಳಗೆ ಮುಂದಿನ ಮೂಳೆಯ ಒಂದೇ ಜಾಗದಲ್ಲಿ ನೋವು. ಬೆರಳಿಟ್ಟು ತೋರಿಸಬಹುದಾದಂಥ ನೋವು. ಮೂವ್ ಹಚ್ಚಿದೆ, ಬಟ್ಟೆ ಕಟ್ಟಿದೆ, ಅದರ ಮೇಲೇ ಇನ್ನೂ ಎರಡು ದಿನ ಓಡಿದೆ. ಎಕ್ಸ್‌ರೇ ತೆಗೆದಾಗ ಏನೂ ಕಾಣಲಿಲ್ಲ. ಖುಷಿಯಾಗಿ ಮತ್ತೆ ಓಡಿದೆ. ಮೂರು ವಾರ ಬಿಟ್ಟು ಎರಡನೇ ಎಕ್ಸ್‌ರೇಯಲ್ಲಿ ಗೆರೆ ಕಾಣಿಸ್ತು. ಮೂಳೆ ಬಿರುಕು, ಡಾಕ್ಟರ್ ಭಾಷೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್. ಎರಡು ತಿಂಗಳು ಓಟ ಬಂದ್. ಸುದ್ದಿಗೆ ಓಡಾಡೋದೂ ಕುಂಟ್ಕೊಂಡೇ.

ಆಮೇಲೆ ಮೂಳೆ ಡಾಕ್ಟರ್ ಕೂರಿಸಿಕೊಂಡು ಹೇಳಿದ್ದು ಇವತ್ತಿಗೂ ನೆನಪಿದೆ. ಓಟ ಶುರು ಮಾಡಿದ ಕೂಡಲೇ ಮೊದಲು ಬದಲಾಗೋದು ರಕ್ತ ಮತ್ತು ಹೃದಯ. ಒಂದೆರಡು ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತೆ, ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುತ್ತೆ. ಅದಕ್ಕೇ ಒಂದು ತಿಂಗಳಲ್ಲಿ ಉಸಿರು ಸಲೀಸಾಗೋದು. ಮಾಂಸಖಂಡ ಅದರ ಹಿಂದೆ. ಮೂಳೆ, ಸ್ನಾಯುರಜ್ಜು ಎಲ್ಲಕ್ಕಿಂತ ಕೊನೆಗೆ.

ಮೂಳೆದು ಇನ್ನೊಂದು ಗುಟ್ಟಿದೆ. ಹೊಸ ಭಾರ ಬಿದ್ದಾಗ ಅದು ಹಳೇ ಮೂಳೆಯನ್ನ ಮೊದಲು ಕರಗಿಸುತ್ತೆ, ಆಮೇಲೆ ಗಟ್ಟಿಯಾಗಿ ಹೊಸದು ಕಟ್ಟುತ್ತೆ. ಕರಗಿಸೋದು ಕೆಲವು ವಾರದ ಕೆಲಸ, ಕಟ್ಟೋದು ತಿಂಗಳುಗಟ್ಟಲೆ. ಹಳೇ ಮನೆ ರಿಪೇರಿ ಮಾಡುವಾಗ ಗೋಡೆ ಒಡೆದು, ಹೊಸದು ಎದ್ದಿರಲ್ಲ ನೋಡಿ, ಆ ಸ್ಥಿತಿ. ಶುರು ಮಾಡಿ ಒಂದರಿಂದ ಎರಡು ತಿಂಗಳ ಹೊತ್ತಿಗೆ ಮೂಳೆ ಇರೋದು ಹಾಗೆ. ಸರಿಯಾಗಿ ಅದೇ ಹೊತ್ತಿಗೆ ಉಸಿರು ಮಾತ್ರ "ನಡಿ, ಇನ್ನೂ ಓಡು" ಅನ್ನುತ್ತೆ. ಹೊಸಬರ ಕಾಲು ಕೆಡೋದು ಬಹಳ ಮಟ್ಟಿಗೆ ಇಲ್ಲೇ. ಸೋಮಾರಿತನದಿಂದ ಅಲ್ಲ, ಹುಮ್ಮಸ್ಸಿಂದ.

ಒಂದು ವರ್ಷ ಬೇಕು ಅನ್ನೋದು ಇದಕ್ಕೇ. ಮೂಳೆಗೆ ಕೊಡೋ ಟೈಮ್ ಅದು.

ಮೊದಲು ಆಸ್ಪತ್ರೆ, ಆಮೇಲೆ ಶೂ

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿಗೇ ಹೋದ ಮೇಲೆ ನಮ್ಮ ಜನರಲ್ಲಿ ಎರಡು ಥರದ ಮಾತು ಶುರುವಾಯ್ತು. ಕೆಲವರು ವ್ಯಾಯಾಮವೇ ಬೇಡ ಅಂದ್ರು. ಕೆಲವರು "ನಂಗೇನಾಗುತ್ತೆ ಬಿಡ್ರಿ" ಅಂತ ಹಾಗೇ ಮುಂದುವರಿಸಿದ್ರು. ಎರಡೂ ಸರಿಯಲ್ಲ. ನಲವತ್ತು ದಾಟಿದ್ರೆ, ಬಿಪಿ ಶುಗರ್ ಇದ್ರೆ, ಬೀಡಿ ಸಿಗರೇಟ್ ಸೇದ್ತಿದ್ರೆ, ಅಪ್ಪ ಅಣ್ಣಂದಿರಿಗೆ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿದ್ರೆ, ಓಟ ಶುರು ಮಾಡೋಕೆ ಮುಂಚೆ ಡಾಕ್ಟರ್ ಹತ್ರ ಹೋಗಿ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ ನೋಡ್ತಾರೆ. ಬೇಕು ಅನ್ನಿಸಿದ್ರೆ ಟ್ರೆಡ್‌ಮಿಲ್ ಮೇಲೆ ಓಡಿಸಿ ಮಾಡೋ ಟಿಎಂಟಿ ಪರೀಕ್ಷೆಗೆ ಬರೀತಾರೆ. ಇಸಿಜಿ ಸರಿ ಬಂದ ಮಾತ್ರಕ್ಕೆ ಎಲ್ಲಾ ಸರಿ ಅಂತಲ್ಲ, ಅದು ಮಲಗಿದ್ದಾಗಿನ ಹೃದಯದ ಚಿತ್ರ. ಡಾಕ್ಟರ್‌ಗೆ "ಮ್ಯಾರಥಾನ್ ಓಡ್ಬೇಕು ಅಂತಿದ್ದೀನಿ" ಅಂತ ಬಾಯಿಬಿಟ್ಟು ಹೇಳಿ, ಆಗ ಅವರು ನೋಡೋ ರೀತಿಯೇ ಬೇರೆ.

ಓಡುವಾಗ ಎದೆ ಬಿಗಿಯಾದ್ರೆ, ದವಡೆ ಅಥವಾ ಎಡಗೈಗೆ ನೋವು ಹರಿದ್ರೆ, ಕಣ್ಣು ಕತ್ತಲೆ ಬಂದ್ರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗ್ಬೇಕು. ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಇಂಥ ಹೊತ್ತಿಗಂತಲೇ ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ಇದೆ, ಇಸಿಜಿಗೆ ದುಡ್ಡು ಕೊಡಬೇಕಿಲ್ಲ.

ಶುಗರ್ ಇರೋರಿಗೆ ಇನ್ನೊಂದು ಮಾತು. ಇನ್ಸುಲಿನ್ ತಗೊಳ್ಳೋರು, ಗ್ಲಿಮಿಪಿರೈಡ್ ಥರದ ಮಾತ್ರೆ ನುಂಗೋರು ದೂರ ಓಡಿದ್ರೆ ಶುಗರ್ ದಿಢೀರ್ ಇಳಿಯಬಹುದು. ಓಡುವಾಗಲೇ ಅಂತಲ್ಲ, ಅವತ್ತು ರಾತ್ರಿಯೂ ಇಳಿಯಬಹುದು. ಡೋಸ್ ಬಗ್ಗೆ ಡಾಕ್ಟರ್‌ನ ಕೇಳಿ, ಜೇಬಲ್ಲಿ ಗ್ಲೂಕೋಸ್ ಪುಡಿನೋ ಸಕ್ಕರೆ ಪೊಟ್ಟಣನೋ ಇಟ್ಕೊಂಡೇ ಹೊರಡಿ.

ಶೂ ವಿಷಯ ಸಣ್ಣದು. ರನ್ನಿಂಗ್ ಶೂ ಅಂತಲೇ ಕೇಳಿ ತಗೊಳ್ಳಿ, ಕ್ರಿಕೆಟ್ ಶೂ, ಕ್ಯಾನ್ವಾಸ್ ಬೇಡ. ಸಂಜೆ ಹೋಗಿ ಕೊಳ್ಳಿ, ದಿನವೆಲ್ಲಾ ನಿಂತು ಕಾಲು ಸ್ವಲ್ಪ ಊದಿರುತ್ತೆ, ಅದೇ ಸರಿಯಾದ ಅಳತೆ. ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗ ಇರಬೇಕು, ಇಲ್ಲದಿದ್ರೆ ಉಗುರು ಕಪ್ಪಾಗುತ್ತೆ. ಹತ್ತು ಸಾವಿರದ ಶೂ ಬೇಕಾಗಿಲ್ಲ, ಮೂರ್ನಾಲ್ಕು ಸಾವಿರದ್ದು ಧಾರಾಳ ಸಾಕು. 500ರಿಂದ 800 ಕಿ.ಮೀ. ಆದ ಮೇಲೆ ಅಡಿ ಸತ್ತಿರುತ್ತೆ, ನೋಡೋಕೆ ಹೊಸದಿದ್ದರೂ ಬದಲಾಯಿಸಿ.

ಸಂಕ್ರಾಂತಿಯಿಂದ ಸಂಕ್ರಾಂತಿಗೆ

ಮುಂಬೈ ಮ್ಯಾರಥಾನ್ 2004ರಿಂದ ನಡೀತಿದೆ, ಸಾಮಾನ್ಯವಾಗಿ ಜನವರಿ ಮೂರನೇ ಭಾನುವಾರ. ಅಂದ್ರೆ ಸಂಕ್ರಾಂತಿ ಆಸುಪಾಸು. ಲೆಕ್ಕಕ್ಕೆ ಇದು ಅನುಕೂಲ: ಈ ಸಂಕ್ರಾಂತಿಗೆ ಎಳ್ಳು ಬೀರಿ ಶುರು ಮಾಡಿದ್ರೆ ಮುಂದಿನ ಸಂಕ್ರಾಂತಿಗೆ ಓಟ.

ಮೊದಲ ಎರಡು ತಿಂಗಳು ವಾರಕ್ಕೆ ಮೂರೇ ದಿನ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ಮುಂದಿನ ವಾರ ಓಟ ಸ್ವಲ್ಪ ಜಾಸ್ತಿ, ನಡಿಗೆ ಸ್ವಲ್ಪ ಕಮ್ಮಿ. ಒಂಬತ್ತು ಹತ್ತು ವಾರಕ್ಕೆ ನಿಲ್ಲಿಸದೆ 5 ಕಿ.ಮೀ. ಓಡ್ತೀರಿ. ನಡೆಯೋಕೆ ನಾಚಿಕೆ ಪಡಬೇಡಿ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ ಓಡ್ತಾ ನಡೀತಾ ಮ್ಯಾರಥಾನ್ ಮುಗಿಸೋ ಪದ್ಧತಿಯನ್ನೇ ಕಲಿಸಿ ಹೆಸರಾದವರು.

ಎಷ್ಟು ಜೋರಾಗಿ ಓಡ್ಬೇಕು? ಇಲ್ಲೇ ಎಲ್ಲರೂ ಎಡವೋದು. ವಾಚು ಬೇಡ, ಪಕ್ಕದವರ ಜತೆ ಕೊಬ್ಬರಿ ರೇಟಿನ ಬಗ್ಗೆ ಪೂರ್ತಿ ವಾಕ್ಯದಲ್ಲಿ ಮಾತಾಡ್ಕೊಂಡು ಓಡೋ ಹಾಗಿರಬೇಕು. ಎರಡೇ ಪದಕ್ಕೆ ಉಸಿರು ಸಾಲದೆ ಹೋದ್ರೆ ಜೋರಾಯ್ತು ಅಂತ. ವಾರದ ಓಟದಲ್ಲಿ ಹತ್ತರಲ್ಲಿ ಎಂಟು ಪಾಲು ಹೀಗೇ ಇರಲಿ. ನಿಧಾನಕ್ಕೆ ಓಡಿದ್ರೆ ಏನೂ ಆಗಲ್ಲ ಅನ್ನೋದು ತಪ್ಪು. ಮಾಂಸಖಂಡದೊಳಗೆ ಸಣ್ಣ ರಕ್ತನಾಳ ಹೆಚ್ಚೋದು, ಕೊಬ್ಬನ್ನ ಉರಿಸೋ ಶಕ್ತಿ ಬೆಳೆಯೋದು ಈ ನಿಧಾನದ ಓಟದಲ್ಲೇ. ನಮ್ಮ ಗುಂಪಿನಲ್ಲಿ ಒಬ್ಬರಿದ್ದಾರೆ, ಹಾರ್ಡ್‌ವೇರ್ ಅಂಗಡಿ, ಎಲ್ಲರಿಗಿಂತ ಹಿಂದೆ. ಯಾರು ದಾಟಿ ಹೋದ್ರೂ "ಹೋಗ್ರಣ್ಣ, ನಾನ್ ಬರ್ತೀನಿ" ಅಂತಾರೆ. ಮೂರು ವರ್ಷದಲ್ಲಿ ಒಂದು ಸಲವೂ ಕಾಲು ಹಿಡ್ಕೊಂಡು ಕೂತಿಲ್ಲ.

ಏಪ್ರಿಲ್, ಮೇ ಹೊತ್ತಿಗೆ 10 ಕಿ.ಮೀ. ಆಗಿರಬೇಕು. ಬೆಂಗಳೂರಲ್ಲಿ 2008ರಿಂದ ನಡೀತಿರೋ ವರ್ಲ್ಡ್ 10ಕೆ ಸಾಮಾನ್ಯವಾಗಿ ಆ ಸೀಸನ್ನಲ್ಲೇ ಬರುತ್ತೆ. ಸಾವಿರಾರು ಜನರ ಮಧ್ಯೆ ಓಡೋದು ಹೇಗಿರುತ್ತೆ ಅಂತ ಅಲ್ಲಿ ಗೊತ್ತಾಗುತ್ತೆ. ಅಲ್ಲಿಂದ ಮಳೆಗಾಲ ಪೂರ್ತಿ ಹಾಫ್‌ಗೆ, ಅಂದ್ರೆ 21.1 ಕಿ.ಮೀ.ಗೆ ತಯಾರಿ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನ ಬಳಿ ಕಾಲುವೆ ಏರಿಯ ಮಣ್ಣುದಾರಿಯಲ್ಲಿ ಕಾವೇರಿ ಟ್ರಯಲ್ ಮ್ಯಾರಥಾನ್ ನಡೆಯುತ್ತೆ, ಅದರಲ್ಲಿ ಹಾಫ್ ಕೂಡ ಇದೆ. ಕೆರೆ ಏರಿ ಮೇಲೆ ಓಡಿ ರೂಢಿ ಇರೋ ನಮ್ಮಂಥವರಿಗೆ ಅದು ಊರಿನ ದಾರಿಯಂತೇ ಅನ್ನಿಸುತ್ತೆ. ದಿನಾಂಕ ವರ್ಷ ವರ್ಷ ಬದಲಾಗುತ್ತೆ. ಹೆಸರು ನೋಂದಣಿ ತಿಂಗಳುಗಟ್ಟಲೆ ಮುಂಚೆ ಮುಗಿದುಹೋಗುತ್ತೆ, ಹಾಗಾಗಿ ಮೊದಲೇ ನೋಡ್ಕೊಳ್ಳಿ.

ಹಾಫ್ ಓಡಿ ಕಾಲು ನೆಟ್ಟಗಿದ್ರೆ ಮಾತ್ರ ಫುಲ್ ಬಗ್ಗೆ ಯೋಚನೆ. ಆ ಕೊನೆಯ ನಾಲ್ಕು ತಿಂಗಳು ವಾರಕ್ಕೆ ನಾಲ್ಕು ದಿನ ಓಟ. ಮೂರು ಸಣ್ಣವು, ಒಂದು ಉದ್ದದ್ದು. ಉದ್ದದ ಓಟವನ್ನ ವಾರಕ್ಕೆ ಒಂದೆರಡು ಕಿ.ಮೀ. ಹೆಚ್ಚಿಸ್ತಾ ಹೋಗಿ, ಪ್ರತಿ ನಾಲ್ಕನೇ ವಾರ ಇಳಿಸಿ. ಮೂಳೆ ಕಟ್ಟೋದು ಆ ಇಳಿಸಿದ ವಾರದಲ್ಲಿ. ಮೇಲೆ 30–32 ಕಿ.ಮೀ.ಗೆ ನಿಲ್ಲಿಸಿ, ಅದೂ ಓಟಕ್ಕೆ ಮೂರು ವಾರ ಇರುವಾಗ. ತಯಾರಿಯಲ್ಲಿ 42 ಓಡಿ ನೋಡೋದು ಬೇಡ. ಅದರಿಂದ ಬರೋ ಲಾಭಕ್ಕಿಂತ ಸುಧಾರಿಸಿಕೊಳ್ಳೋಕೆ ಹಿಡಿಯೋ ದಿನ ಜಾಸ್ತಿ. ಕೊನೆಯ ಮೂರು ವಾರ ಓಟ ಕಮ್ಮಿ ಮಾಡ್ತಾ ಬರಬೇಕು. ಆಗ ಕೈಕಾಲು ಸುಮ್ಮನಿರಲ್ಲ, ಎಲ್ಲಾ ಮರ್ತೋಯ್ತೇನೋ ಅನ್ನಿಸುತ್ತೆ. ಮರ್ತಿರಲ್ಲ.

ನಡುವೆ ಒಂದು ವಾರ ಜ್ವರ ಬಂತು, ಮದುವೆ ಬಂತು, ದೀಪಾವಳಿ ವ್ಯಾಪಾರ ಬಂತು. ತಪ್ಪಿದ ಓಟವನ್ನ ಮುಂದಿನ ವಾರಕ್ಕೆ ಸೇರಿಸಿ ತೀರಿಸೋಕೆ ಹೋಗಬೇಡಿ. ಉದ್ರಿ ಬಾಕಿ ಥರ ಅದು ಸೇರಿಸ್ಕೊಂಡು ವಸೂಲಾಗಲ್ಲ, ಬಿಟ್ಟುಬಿಡಿ. ನೋವಿನ ಲೆಕ್ಕವೂ ಹೀಗೇ: ಎರಡೂ ತೊಡೆ ಬಿಗಿಯಾಗಿ ನೋಯ್ತಿದ್ರೆ ಅದು ಕೆಲಸದ ನೋವು, ಎರಡು ದಿನಕ್ಕೆ ಹೋಗುತ್ತೆ. ಒಂದೇ ಕಾಲಲ್ಲಿ, ಬೆರಳಿಟ್ಟು ತೋರಿಸೋ ಜಾಗದಲ್ಲಿ, ಓಡಿದಷ್ಟೂ ಜಾಸ್ತಿ ಆದ್ರೆ ನಿಲ್ಲಿಸಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂದ್ರೂ ನಿಲ್ಲಿಸಿ. ಬಿರುಕು ಶುರುವಲ್ಲಿ ಎಕ್ಸ್‌ರೇಗೆ ಸಾಮಾನ್ಯವಾಗಿ ಸಿಗಲ್ಲ, ನನಗೆ ಗೊತ್ತಿಲ್ಲದೆ ಹೋಗಿದ್ದು ಅದೇ. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ನುಂಗಿ ಓಡೋರನ್ನೂ ನೋಡಿದ್ದೀನಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗಿ, ಬೆವರು ಹರಿದು ನೀರು ಕಮ್ಮಿಯಾದ ಮೈಯಲ್ಲಿ ಗಂಟೆಗಟ್ಟಲೆ ಓಡಿದ್ರೆ ಕಿಡ್ನಿಗೆ ಪೆಟ್ಟು. ನೋವು ಗೊತ್ತಾಗದೇ ಬಿರುಕು ಇನ್ನೂ ಹೆಚ್ಚೋದು ಬೇರೆ.

ಅಂಗಡಿ ಇಟ್ಟವರ ತೊಂದರೆಯೇ ಬೇರೆ

ಇಂಗ್ಲಿಷ್ ಪುಸ್ತಕದಲ್ಲಿರೋ ತಯಾರಿ ಪಟ್ಟಿ ಎಲ್ಲಾ ಆಫೀಸಿನವರಿಗೆ ಬರೆದದ್ದು. ನಮ್ಮಲ್ಲಿ ಶಟರ್ ಎಳೆಯೋದೇ ಒಂಬತ್ತೂವರೆ. ಮನೆಗೆ ಹೋಗಿ ಊಟ ಮಾಡೋ ಹೊತ್ತಿಗೆ ಹತ್ತೂವರೆ, ಕಣ್ಣು ಮುಚ್ಚೋದು ಹನ್ನೊಂದೂವರೆ. ಐದಕ್ಕೆ ಎದ್ರೆ ಐದೂವರೆ ಗಂಟೆ ನಿದ್ದೆ. ಮೂಳೆ, ಮಾಂಸ ರಿಪೇರಿ ಆಗೋದು ನಿದ್ದೆಯಲ್ಲಿ. ವಾರಕ್ಕೆ ಆರು ದಿನ ಹೀಗೆ ಎದ್ದು ಓಡಿದ್ರೆ ಎರಡು ತಿಂಗಳಲ್ಲಿ ಮೈ ಕೈ ಕೊಡುತ್ತೆ. ಆದ್ರಿಂದ ಅಂಗಡಿಯವರಿಗೆ ಮೂರು, ಕೊನೆಗೆ ನಾಲ್ಕು ದಿನದ ಓಟವೇ ಸರಿ. ಓಟವಿಲ್ಲದ ದಿನ ಆರೂವರೆ ತನಕ ಮಲಗಿ. ಅದೂ ತಯಾರಿಯೇ.

ರಾತ್ರಿ ಊಟ ಎಂಟಕ್ಕೇ ಅಂಗಡಿಗೆ ಬುತ್ತಿ ತರಿಸಿಕೊಂಡು ಮುಗಿಸೋದು ನಮ್ಮ ಬೇಕರಿ ಗೆಳೆಯ ಮಾಡಿಕೊಂಡ ಉಪಾಯ. "ಹೊಟ್ಟೆ ಹಗುರ, ಬೇಗ ನಿದ್ದೆ ಹತ್ತುತ್ತೆ, ಬೆಳಗ್ಗೆ ಓಡುವಾಗ ಹುಳಿತೇಗೂ ಇಲ್ಲ" ಅಂತಾನೆ. ಹಗಲು ಕೂತೇ ಇರೋರು ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಅಡ್ಡಾಡಿ. ಗಲ್ಲಾ ಪಕ್ಕ ನಿಂತು ಹಿಮ್ಮಡಿ ಎತ್ತಿ ಇಳಿಸೋದು ಇಪ್ಪತ್ತು ಸಲ, ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು ಹದಿನೈದು ಸಲ. ಜಿಮ್ ಬೇಕಾಗಿಲ್ಲ. ಗಿರಾಕಿಗಳು ನಗ್ತಾರೆ, ನಗಲಿ.

ಮನೆಯವರ ವಿಷಯವನ್ನ ಯಾರೂ ಮೊದಲು ಮಾತಾಡಲ್ಲ, ಆದ್ರೆ ಓಟ ನಿಲ್ಲೋದು ಬಹಳ ಸಲ ಅಲ್ಲೇ. 30 ಕಿ.ಮೀ. ಓಟಕ್ಕೆ ನಮ್ಮಂಥವರಿಗೆ ನಾಲ್ಕೂಕಾಲು ಗಂಟೆ. ನಾಲ್ಕೂಮುಕ್ಕಾಲಿಗೆ ಹೊರಟ್ರೆ ಬರೋದು ಒಂಬತ್ತಕ್ಕೆ. ಬಂದ ಮೇಲೆ ಅರ್ಧ ದಿನ ಮೈ ಬಿದ್ದುಹೋಗಿರುತ್ತೆ. ಭಾನುವಾರ ಅಂಗಡಿ ಯಾರು ತೆಗೀತಾರೆ, ಮಕ್ಕಳನ್ನ ಯಾರು ಟ್ಯೂಷನ್‌ಗೆ ಬಿಡ್ತಾರೆ? ಹೆಸರು ಕೊಡೋಕೆ ಮುಂಚೆಯೇ ಮನೆಯಲ್ಲಿ ಕೂತು ಇದನ್ನ ಮಾತಾಡ್ಕೊಳ್ಳಿ.

ಹೆಣ್ಣುಮಕ್ಕಳಿಗೆ ಇದು ಎರಡು ಪಟ್ಟು. ಅಡುಗೆ, ಡಬ್ಬಿ ಮುಗಿಸಿ ಹೊರಡೋ ಹೊತ್ತಿಗೆ ಬಿಸಿಲು ಏರಿರುತ್ತೆ, ಕತ್ತಲಲ್ಲಿ ಹೊರಡೋಕೆ ಧೈರ್ಯ ಸಾಲದು. ಈಗ ಕ್ರೀಡಾಂಗಣಕ್ಕೆ ಬರೋ ಮೂವರು ಒಟ್ಟಿಗೇ ಬರ್ತಾರೆ, ಒಟ್ಟಿಗೇ ಹೋಗ್ತಾರೆ. ಅದರಲ್ಲೊಬ್ಬರು ಟೈಲರ್ ಅಕ್ಕ ಹೇಳಿದ್ದು: "ಗಂಡಸ್ರು ಓಡೋದು ಕಲೀಬೇಕಾಗಿಲ್ಲ ಸಾರ್, ಭಾನುವಾರ ದೋಸೆ ಹುಯ್ಯೋದು ಕಲಿತ್ರೆ ನಾವು ಮ್ಯಾರಥಾನ್ ಓಡ್ತೀವಿ." ಓಡೋ ಹೆಣ್ಣುಮಕ್ಕಳು ರಕ್ತದಲ್ಲಿ ಹಿಮೋಗ್ಲೋಬಿನ್ ಒಮ್ಮೆ ನೋಡಿಸಿಕೊಳ್ಳಿ. ಕಮ್ಮಿ ಇದ್ರೆ ಎಷ್ಟು ತಯಾರಿ ಮಾಡಿದ್ರೂ ಸುಸ್ತು ಹೋಗಲ್ಲ.

ದಾರಿ ಮತ್ತು ನಾಯಿ

ಹೈವೇ ಮೇಲೆ ಉದ್ದದ ಓಟ ಬೇಡ. ನಸುಕಿನಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಬರುತ್ತೆ, ರಾತ್ರಿಯೆಲ್ಲಾ ಓಡಿಸಿ ತೂಕಡಿಸೋ ಲಾರಿಯವರು ಬರ್ತಾರೆ. ಕೆರೆ ಏರಿ, ತೋಟದ ಸಾಲಿನ ಹಳ್ಳಿ ರಸ್ತೆ ಒಳ್ಳೇದು, ಮಣ್ಣುದಾರಿ ಕಾಲಿಗೂ ಮೆತ್ತಗೆ. ರಸ್ತೆಯಲ್ಲೇ ಓಡಬೇಕಾದ್ರೆ ಬಲಗಡೆ, ಎದುರಿಂದ ಬರೋ ಗಾಡಿ ಕಣ್ಣಿಗೆ ಕಾಣೋ ಹಾಗೆ. ಕೂಲಿ ಕೆಲಸದವರು ಹಾಕೋ ಹೊಳೆಯೋ ಪಟ್ಟಿಯ ಜಾಕೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕಮ್ಮಿ ದುಡ್ಡಿಗೆ ಸಿಗುತ್ತೆ, ಹಾಕ್ಕೊಳ್ಳಿ. ಎರಡೂ ಕಿವಿಗೆ ಇಯರ್‌ಫೋನ್ ಬೇಡ.

ನಾಯಿ ಅಟ್ಟಿಸಿಕೊಂಡು ಬಂದ್ರೆ ಓಡಬೇಡಿ. ಓಡೋದು ಕಲಿಯೋಕೆ ಬಂದವರಿಗೆ ಇದು ಕಷ್ಟದ ಪಾಠ. ನಿಲ್ಲಿ, ಅದರ ಕಣ್ಣಲ್ಲಿ ಕಣ್ಣಿಡದೆ ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಕಚ್ಚಿದ್ರೆ, ಬರೀ ಹಲ್ಲು ತರಚಿದ್ರೂ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ತಾಲೂಕು ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ತಗೊಳ್ಳಿ. ಸುಣ್ಣ, ಮೆಣಸಿನಪುಡಿ ಹಚ್ಚೋದು ಬೇಡವೇ ಬೇಡ.

30 ಕಿ.ಮೀ. ಆದ ಮೇಲೆ ಗಲ್ಲಾ ಖಾಲಿ

ವ್ಯಾಪಾರಸ್ಥರಿಗೆ ಇದು ಬೇಗ ಅರ್ಥವಾಗುತ್ತೆ. ಒಂದು ಕಿ.ಮೀ. ಓಡೋಕೆ ಮೈತೂಕದ ಒಂದು ಕೆ.ಜಿ.ಗೆ ಸುಮಾರು ಒಂದು ಕ್ಯಾಲೊರಿ ಖರ್ಚು. 70 ಕೆ.ಜಿ. ಇರೋರಿಗೆ 42 ಕಿ.ಮೀ.ಗೆ ಹೆಚ್ಚುಕಮ್ಮಿ 2,950. ತಕ್ಷಣ ಕೈಗೆ ಸಿಗೋ ಸಕ್ಕರೆ ರೂಪದ ದಾಸ್ತಾನು, ಅಂದ್ರೆ ಮಾಂಸಖಂಡ ಮತ್ತು ಲಿವರ್‌ನಲ್ಲಿರೋ ಗ್ಲೈಕೋಜನ್, ಸುಮಾರು 2,000 ಕ್ಯಾಲೊರಿಗೆ ಸಾಕಾಗುವಷ್ಟು. ಉಳಿದದ್ದು ಕೊಬ್ಬಿನಿಂದ ಬರಬೇಕು. ಕೊಬ್ಬು ನಮ್ಮಲ್ಲಿ ಬೇಕಾದಷ್ಟಿದೆ, ಆದ್ರೆ ಅದು ಫಿಕ್ಸೆಡ್ ಡೆಪಾಸಿಟ್ ಇದ್ದ ಹಾಗೆ, ಬೇಗ ಕೈಗೆ ಸಿಗಲ್ಲ. ಜೋರಾಗಿ ಓಡಿದಷ್ಟೂ ಮೈ ಸಕ್ಕರೆಯನ್ನೇ ಕೇಳುತ್ತೆ, ನಿಧಾನವಾದಷ್ಟೂ ಕೊಬ್ಬಿಗೆ ಒಪ್ಪಿಕೊಳ್ಳುತ್ತೆ. ಮೊದಲ ಹತ್ತು ಕಿ.ಮೀ. ಜೋಶಲ್ಲಿ ಓಡಿದವರು 30ರ ಆಸುಪಾಸು ದಿಢೀರ್ ಅಂತ ಕಾಲೆತ್ತೋಕಾಗದೆ ನಿಲ್ಲೋದು ಅದಕ್ಕೇ. ಓಟಗಾರರು ಇದಕ್ಕೆ 'ಗೋಡೆಗೆ ಗುದ್ದೋದು' ಅಂತಾರೆ.

ದಾರಿಯಲ್ಲಿ ತಿನ್ನೋದು ಅದಕ್ಕೇ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಬೇಕು. ಒಂದು ಬಾಳೆಹಣ್ಣಲ್ಲಿ ಸುಮಾರು 25 ಗ್ರಾಂ. 30 ಗ್ರಾಂ ಬೆಲ್ಲದಲ್ಲೂ ಹೆಚ್ಚುಕಮ್ಮಿ ಅಷ್ಟೇ. ಪೇಟೆಯಲ್ಲಿ ಸಿಗೋ ಎನರ್ಜಿ ಜೆಲ್ ಹಗುರ, ಜೇಬಲ್ಲಿ ಕೂರುತ್ತೆ, ಅಷ್ಟೇ ಅದರ ಹೆಚ್ಚುಗಾರಿಕೆ. ಏನೇ ಆದ್ರೂ ಉದ್ದದ ಓಟಗಳಲ್ಲೇ ತಿಂದು ಹೊಟ್ಟೆಗೆ ರೂಢಿ ಮಾಡಿಸಿ. ಮುಂಬೈಯಲ್ಲಿ ಮೊದಲ ಸಲ ತಿಂದು ನೋಡಿದ್ರೆ ಹೊಟ್ಟೆ ಅಲ್ಲೇ ಉತ್ತರ ಹೇಳುತ್ತೆ. ಹಿಂದಿನ ರಾತ್ರಿಗೆ ಅನ್ನ ಸಾರು, ಬೆಳಗ್ಗೆ ಎರಡು ಗಂಟೆ ಮುಂಚೆ ಇಡ್ಲಿನೋ ಬ್ರೆಡ್ಡೋ ಸಾಕು. ಮುದ್ದೆ ಒಳ್ಳೇದೇ, ಆದ್ರೆ ನಾರು ಜಾಸ್ತಿ, ಓಟದ ಹಿಂದಿನ ರಾತ್ರಿ ಬಿಡಿ.

ತೆಂಗಿನ ಊರಿನವರಿಗೆ ಒಂದು ಕಹಿ ಮಾತು. ಎಳನೀರು ಕುಡಿದ್ರೆ ಎಲ್ಲಾ ಆಯ್ತು ಅಂದ್ಕೊಳ್ತೀವಿ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ, ಅಂದ್ರೆ ಉಪ್ಪು. ಹಾಗಾಗಿ ಉದ್ದದ ಓಟಕ್ಕೆ ಎಳನೀರೊಂದೇ ಸಾಲದು, ಚಿಟಿಕೆ ಉಪ್ಪು ಹಾಕಿ, ಇಲ್ಲಾ ಓಆರ್‌ಎಸ್ ಕುಡಿಯಿರಿ. ಮನೆಯಲ್ಲೇ ಮಾಡೋದಾದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ನೀರು ಕಮ್ಮಿಯಾದ್ರೆ ಅಪಾಯ ಅಂತ ಎಲ್ಲರಿಗೂ ಗೊತ್ತು. ಜಾಸ್ತಿಯಾದ್ರೂ ಅಪಾಯ. ಐದಾರು ಗಂಟೆ ಓಡೋ ನಿಧಾನದವರು ಸಿಕ್ಕ ಸಿಕ್ಕ ಕಡೆ ಬರೀ ನೀರು ಕುಡೀತಾ ಹೋದ್ರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪೋವರೆಗೂ ಹೋಗುತ್ತೆ. ಪ್ರಾಣ ಹೋದದ್ದೂ ಉಂಟು. ನಿಮ್ಮ ಅಳತೆ ತಿಳಿಯೋಕೆ ಅಂಗಡಿಯ ತೂಕದ ಯಂತ್ರವೇ ಸಾಕು, ಮೂಟೆ ತೂಗೋದು. ಉದ್ದದ ಓಟಕ್ಕೆ ಮುಂಚೆ, ಆದ ಮೇಲೆ ನಿಂತು ನೋಡಿ. ಒಂದು ಕೆ.ಜಿ. ಇಳಿದಿದ್ರೆ ಸುಮಾರು ಒಂದು ಲೀಟರ್ ನೀರು ಕಮ್ಮಿ ಬಿದ್ದಿದೆ ಅಂತ. ತೂಕ ಏರಿದ್ರೆ ಕುಡಿದದ್ದು ಜಾಸ್ತಿ ಆಯ್ತು.

ಓಟದ ದಿನ

ಹೊಸ ಶೂ, ಹೊಸ ಕಾಲುಚೀಲ, ಅಲ್ಲೇ ಹಂಚಿದ ಹೊಸ ಟೀ ಶರ್ಟ್, ಯಾವುದೂ ಬೇಡ. ತೊಡೆ ಸಂದಿ, ಕಂಕುಳು, ಎದೆತೊಟ್ಟಿಗೆ ವ್ಯಾಸಲೀನ್ ಹಚ್ಚಿ. 20 ಕಿ.ಮೀ. ಆದ ಮೇಲೆ ಬಟ್ಟೆ ಉಜ್ಜಿ ರಕ್ತ ಬರುತ್ತೆ ಅಂದ್ರೆ ಹೊಸಬರು ನಂಬಲ್ಲ. ಕೊಬ್ಬರಿ ಎಣ್ಣೆಯೂ ನಡೆಯುತ್ತೆ, ಆದ್ರೆ ಬೆವರಿಗೆ ಬೇಗ ಜಾರಿಹೋಗುತ್ತೆ. ಇದನ್ನ ಈ ಊರಲ್ಲಿ ಕೂತು ಬರೆಯೋಕೆ ನಂಗೂ ಬೇಜಾರೇ.

ಒಂದು ಕಿ.ಮೀ.ಗೆ 8 ನಿಮಿಷದ ಲೆಕ್ಕದಲ್ಲಿ ಹೋದ್ರೆ ಮುಗಿಯೋದು 5 ಗಂಟೆ 38 ನಿಮಿಷಕ್ಕೆ. 9 ನಿಮಿಷದಲ್ಲಿ 6 ಗಂಟೆ 20 ನಿಮಿಷ. ಪ್ರತಿ ಓಟಕ್ಕೂ ಒಂದು ಗಡುವು ಇರುತ್ತೆ, ಅದು ಮುಗಿದ ಮೇಲೆ ರಸ್ತೆ ಬಿಡಿಸ್ತಾರೆ. ಹೆಸರು ಕೊಡುವಾಗಲೇ ಗಡುವು ಎಷ್ಟು ಅಂತ ನೋಡಿ. ಬ್ಯಾಂಡು, ಚಪ್ಪಾಳೆ, ಮುನ್ನುಗ್ಗೋ ಜನ ನೋಡಿ ಮೊದಲ ಐದು ಕಿ.ಮೀ. ಎಲ್ಲರೂ ಬೇಕಾದ್ದಕ್ಕಿಂತ ಜೋರಾಗಿ ಓಡ್ತಾರೆ. ಅಲ್ಲಿ ನಿಮ್ಮನ್ನ ದಾಟಿ ಹೋದವರಲ್ಲಿ ಎಷ್ಟೋ ಜನ 32ರ ನಂತರ ಫುಟ್‌ಪಾತ್ ಮೇಲೆ ಕೂತಿರ್ತಾರೆ. ಹಾರ್ಡ್‌ವೇರ್ ಅಣ್ಣನ ಮಾತು ಆಗ ನೆನಪಾಗುತ್ತೆ.

ಮುಗಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೀರಿ. ಉಪ್ಪು ಸಿಹಿ ಎರಡೂ ಇರೋದು ಏನಾದ್ರೂ ತಿನ್ನಿ. ಅವತ್ತೇ ಕಾರು ಓಡಿಸಿಕೊಂಡು ವಾಪಸ್ ಬರ್ತೀನಿ ಅನ್ನೋದು ಬೇಡ, ಕಾಲು ಹಿಡ್ಕೊಂಡ್ರೆ ಬ್ರೇಕ್ ಒತ್ತೋಕಾಗಲ್ಲ. ರೈಲಲ್ಲಿ ಬನ್ನಿ, ಕೆಳಗಿನ ಬರ್ತ್ ಮೊದಲೇ ಬುಕ್ ಮಾಡಿ. ಮೇಲಿನ ಬರ್ತ್ ಸಿಕ್ಕಿದವರ ಪಾಡು ನಾನು ನೋಡಿದ್ದೀನಿ. ಎರಡು ಮೂರು ದಿನ ಮೆಟ್ಟಿಲು ಇಳಿಯೋದಕ್ಕೆ ಹಿಮ್ಮುಖವಾಗಿ ಇಳಿದ್ರೆ ಸಲೀಸು. ಎರಡು ವಾರ ಓಟ ಬೇಡ, ನಡಿಗೆ ಸಾಕು. ಆ ಎರಡು ವಾರ ಅಂಗಡಿಯಲ್ಲಿ ಮೇಲಿನ ಶೆಲ್ಫಿನ ಸಾಮಾನು ತೆಗೆಯೋ ಕೆಲಸ ಹುಡುಗರಿಗೆ ಬಿಡಿ.